ಸೂಪಿಗೆ ಅನ್ನ ಉಂಟಾ?

"ಚೈನಾ ಹೋಟೆಲಾ? ಈಗ ಹೋಗಿ ಎಂತ ಪ್ರಯೋಜನ ಅಕ್ಕಾ? ಫೈಟಿಂಗ್ ಸುರು ಆಗ್ಲಿಲ್ಲ."

ಪುತ್ತೂರಿನ ಒಂದು ಓಣಿಯಲ್ಲಿ ಕೊಡೆ ರಿಪೇರಿ ಮಾಡುವವರೊಬ್ಬರು ತಲೆ ಎತ್ತದೆ ಕೊಟ್ಟ ಉತ್ತರ ಇದು. ನಾನು ದಾರಿ ತಪ್ಪಿ ಅರ್ಧ ಗಂಟೆಯಾಗಿತ್ತು. ಸುತ್ತಿ ಸುತ್ತಿ ಮೂರನೇ ಸಲ ಅವರ ಮುಂದೆಯೇ ಬಂದು ನಿಂತಿದ್ದೆ. ಹಾಂಕಾಂಗಿನ ಸಂದಿಗೊಂದಿಗಳಲ್ಲಿ ಒಂದು ದಿನವೂ ತಪ್ಪದ ನಾನು, ಹುಟ್ಟಿದ ಊರಿಗೆ ಇಷ್ಟು ಹತ್ತಿರದ ಪೇಟೆಯಲ್ಲಿ ತಪ್ಪಿಸಿಕೊಂಡಿದ್ದೆ.

"ಹೋಟೆಲಿನಲ್ಲಿ ಎಂತ ಫೈಟಿಂಗ್?" ಎಂದು ಕೇಳಿದೆ.

"ಹೋಟೆಲಿನಲ್ಲಿ ಅಲ್ಲ, ಸಿನೆಮಾದಲ್ಲಿ. ಫೈಟಿಂಗ್ ಆಗದೆ ಅವರು ಬಾಣಲೆ ಇಡುದಿಲ್ಲ. ಎಡಕ್ಕೆ ಹೋಗಿ. ಟಾಕೀಸಿನ ಗೋಡೆಗೆ ತಾಗಿಯೇ ಉಂಟು. ಹೊಡೆಯುದು ಕೇಳಿದ್ರೆ ಒಳಗೆ ಹೋಗಿ ಕೂತ್ಕೊಳ್ಳಿ. ಅಳುದು ಕೇಳಿದ್ರೆ ಹೊರಗೆ ನಿಲ್ಲಿ."

ಪ್ರಪಂಚದಲ್ಲಿ ಎಲ್ಲಿಗೆ ಹೋದರೂ ನಗು ಬರುವ ಮಾತುಗಳು ಬಸ್‌ಸ್ಟ್ಯಾಂಡಿನಿಂದಲೇ ನನ್ನ ಹಿಂದೆ ಹೊರಡುತ್ತವೆ. ಅವುಗಳಲ್ಲಿ ಹೆಚ್ಚಿನವು ಎಪ್ಪತ್ತು ಎಂಬತ್ತರ ದಶಕದಲ್ಲಿ ಈ ಒಂದೇ ಹೋಟೆಲಿನಲ್ಲಿ ಸಿಕ್ಕಿದವು. ನಾನು ಕಾಣಿಯೂರಿನವಳು. ಒಬ್ಬ ಡಾಕ್ಟರರ ಮನೆಯ ಮಕ್ಕಳನ್ನು ನೋಡಿಕೊಳ್ಳಲು ಅವರೊಂದಿಗೆ ಹಡಗು ಹತ್ತಿ ಪೆನಾಂಗ್, ಸಿಂಗಾಪುರ, ಹಾಂಕಾಂಗ್ ಎಂದು ಹನ್ನೊಂದು ವರ್ಷ ಸುತ್ತಿದೆ. ಅಲ್ಲಿ ಹೊಲಿಗೆ ಕಲಿತು ಹಿಂದೆ ಬಂದ ಮೇಲೆ, ಹೊಲಿಗೆ ಮೆಷಿನ್ ಕೊಂಡವರಿಗೆ ಮನೆಗೇ ಹೋಗಿ ಕಲಿಸಿಕೊಡುವ ಕೆಲಸ ಹಿಡಿದೆ. ಇವತ್ತು ಸುಳ್ಯ, ನಾಳೆ ಕಡಬ, ನಾಡಿದ್ದು ರಾಮಕುಂಜ. ಊರಿಗೆಲ್ಲ ನಾನು ಟೀಚರು. ಮಧ್ಯಾಹ್ನ ಬಸ್ಸಿಳಿದರೆ ಹೊಟ್ಟೆ ತಾಳ ಹಾಕುತ್ತಿತ್ತು.

ದೊಡ್ಡ ಪಟ್ಟಣದವರು ಬಣ್ಣದ ಮೆನು ಹಿಡಿದು ಚೈನೀಸ್ ತಿನ್ನಲು ಕಲಿಯುವುದಕ್ಕೆ ಮೊದಲೇ, ನಾವು ಪುತ್ತೂರಿನಲ್ಲಿ ಅದನ್ನು ಬಾಳೆಲೆಯಲ್ಲಿ ತಿಂದು ಕೈ ತೊಳೆದಾಗಿತ್ತು. ಈ ಜಂಬ ನನಗೆ ಇವತ್ತಿಗೂ ಉಂಟು.

ಗೋಡೆ

ಹೋಟೆಲಿನ ಯಜಮಾನರು ಸುಳ್ಯದ ಕಡೆಯವರು, ಮನೆಮಾತು ಅರೆಭಾಷೆ. ಏಳು ವರ್ಷ ಪೆನಾಂಗಿನ ಒಂದು ಚೀನೀ ಹೋಟೆಲಿನಲ್ಲಿದ್ದೆ ಎಂದು ಹೇಳುತ್ತಿದ್ದರು. ಅದಕ್ಕೆ ಸಾಕ್ಷಿ ಒಂದು ದೊಡ್ಡ ಕಬ್ಬಿಣದ ಬಾಣಲೆ. ಅಲ್ಲಿಂದ ಅವರು ಹೊತ್ತು ತಂದ ಆಸ್ತಿ ಅದೊಂದೇ. ಊರಿನವರು ಅವರನ್ನು ಚೈನಾದಣ್ಣ ಎಂದು ಕರೆಯುತ್ತಿದ್ದರು. ಎದುರಿನಲ್ಲಿ ಗೌರವದಿಂದ, ಹಿಂದಿನಿಂದ ಸ್ವಲ್ಪ ಕಣ್ಣು ಹೊಡೆದು.

ನಾಲ್ಕು ಬೆಂಚು, ಒಂದು ಒಲೆ. ಒಲೆಯ ಹಿಂದಿನ ಗೋಡೆ ಟಾಕೀಸಿನದು. ಮ್ಯಾಟಿನಿಯ ಇಂಟರ್‌ವಲ್ ಹತ್ತೇ ನಿಮಿಷ. ಅಷ್ಟರೊಳಗೆ ಜನ ಬಂದು, ತಿಂದು, ತಿರುಗಿ ಹೋಗಿ ಕೂರಬೇಕು. ಚೈನಾದಣ್ಣ ಗಡಿಯಾರ ಇಟ್ಟವರಲ್ಲ. ಹೊಸ ಸಿನೆಮಾ ಬಂದ ದಿನ ಗೋಡೆಗೆ ಕಿವಿಯಿಟ್ಟು ಕೇಳುತ್ತಿದ್ದರು. ಮರುದಿನದಿಂದ ಎಲ್ಲಕ್ಕೂ ಲೆಕ್ಕ ಸಿಗುತ್ತಿತ್ತು: ಪ್ರೇಮಗೀತೆಗೆ ನೀರು ಕುದಿಯಬೇಕು, ಅಮ್ಮನಿಗೆ ಹುಷಾರಿಲ್ಲದಾಗ ಕ್ಯಾಬೇಜು ಹೆಚ್ಚಬೇಕು, ಇಂಟರ್‌ವಲ್ಲಿನ ಮೊದಲು ಬರುವ ಫೈಟಿಂಗಿಗೆ ನೂಡಲ್ಸ್ ಬಾಣಲೆಗೆ ಬೀಳಬೇಕು.

ಒಂದು ವಾರ ಭಕ್ತಿಯ ಸಿನೆಮಾ ಬಂತು. ಅದರಲ್ಲಿ ಫೈಟಿಂಗೇ ಇಲ್ಲ. ನಾನು ಹೋದಾಗ ಒಲೆ ತಣ್ಣಗಿತ್ತು.

"ಎಂತ ಅಣ್ಣ, ಇವತ್ತು ಊಟ ಇಲ್ವಾ?"

"ಉಂಟು ಅಕ್ಕ. ದೇವರು ಪ್ರತ್ಯಕ್ಷ ಆಗ್ಬೇಕು. ಗಂಟೆ ಹೊಡೆದ ಕೂಡಲೇ ಹಾಕುದು."

"ಇನ್ನು ಎಷ್ಟು ಹೊತ್ತು?"

ಅವರು ಗೋಡೆಗೆ ಕಿವಿ ಕೊಟ್ಟರು. "ಭಕ್ತ ಈಗಷ್ಟೇ ಅಳ್ಲಿಕ್ಕೆ ಸುರು ಮಾಡಿದ್ದಾನೆ. ನಾನೂ ನೀರುಳ್ಳಿ ಹೆಚ್ಚುತ್ತೇನೆ, ಇಬ್ಬರದ್ದೂ ಒಟ್ಟಿಗೆ ಆಗ್ಲಿ."

ಬೋರ್ಡು

ಬೋರ್ಡು ಬರೆದದ್ದು ಟಾಕೀಸಿನ ಪೋಸ್ಟರಿನ ಪೇಂಟರ್. ಚೈನಾದಣ್ಣ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದರು. ನಾವು 'ಉಂಟು' ಎನ್ನುವುದನ್ನು ಅರೆಭಾಷೆಯವರು 'ಉಟ್ಟು' ಎನ್ನುತ್ತಾರೆ. ಹಾಗಾಗಿ ಬೋರ್ಡಿನಲ್ಲಿ, ರಕ್ತದ ಕೆಂಪಿನಲ್ಲಿ, ಮೊಳ ಎತ್ತರದ ಅಕ್ಷರದಲ್ಲಿ ಬಂದದ್ದು: "ಇಲ್ಲಿ ನೂಡಲ್ಸ್ ಉಟ್ಟು".

ಮೊದಲ ದಿನವೇ ಒಬ್ಬರು ಕನ್ನಡ ಪಂಡಿತರು ಬಾಗಿಲಲ್ಲಿ ನಿಂತರು.

"ಏನಯ್ಯ ಇದು? ಉಟ್ಟು ಅಂದರೆ ಸೀರೆ ಉಟ್ಟು, ಪಂಚೆ ಉಟ್ಟು. ನೂಡಲ್ಸ್ ಉಟ್ಟು ಯಾರಯ್ಯ ಬರುವುದು?"

ಚೈನಾದಣ್ಣ ಪಾಪ, ವಾದಿಸಲಿಲ್ಲ. ಪಂಡಿತರನ್ನು ಕೂರಿಸಿ ಒಂದು ಪ್ಲೇಟು ಕೊಟ್ಟರು. ಪಂಡಿತರಿಗೆ ಅದನ್ನು ಎತ್ತುವ ಉಪಾಯ ತಿಳಿಯಲಿಲ್ಲ. ಎತ್ತಿದ ಎಳೆ ಜಾರಿ ಜುಬ್ಬಕ್ಕೆ, ಜುಬ್ಬದಿಂದ ಪಂಚೆಗೆ, ಒಂದೆರಡು ಶಲ್ಯಕ್ಕೆ. ಕೈ ತೊಳೆದು ಹೊರಟವರನ್ನು ಪೇಂಟರ್ ಬಾಗಿಲಲ್ಲಿ ಅಡಿಯಿಂದ ಮುಡಿವರೆಗೆ ನೋಡಿ ಹೇಳಿದರು:

"ಬೋರ್ಡು ಸರಿಯೇ ಉಂಟಲ್ಲ ಪಂಡಿತರೇ."

ಬೋರ್ಡು ಕೊನೆಯವರೆಗೂ ಹಾಗೆಯೇ ಇತ್ತು.

ಇದು ನಮ್ಮದು

ಒಳಗಿನ ಗುಟ್ಟು ಹೇಳುತ್ತೇನೆ. ನೂಡಲ್ಸ್ ಎಂದರೆ ನಮ್ಮ ಶಾವಿಗೆ ಮಣೆಯಲ್ಲಿ ಒತ್ತಿದ ಅಕ್ಕಿ ಶಾವಿಗೆ, ಆರಿಸಿ ಎಣ್ಣೆಯಲ್ಲಿ ಬಾಡಿಸಿದ್ದು. ಕಪ್ಪು ಸಾಸ್ ಎಂದರೆ ಸುಟ್ಟ ಬೆಲ್ಲಕ್ಕೆ ಪುನರ್ಪುಳಿ ಹಣ್ಣಿನ ಹುಳಿ ರಸ, ಉಪ್ಪು, ಬೆಳ್ಳುಳ್ಳಿ ಬಿದ್ದದ್ದು. ಮಳೆಗಾಲದಲ್ಲಿ ಕಣಿಲೆ, ಅಂದರೆ ಎಳೆ ಬಿದಿರು, ಸೇರುತ್ತಿತ್ತು. ಚೀನಾದವರೂ ನಾವೂ ಯಾರನ್ನೂ ಕೇಳದೆ ಒಂದೇ ರೀತಿ ತಿನ್ನುವ ವಸ್ತು ಅದೊಂದು. ಬೆಲೆ ಟಾಕೀಸಿನ ಬೆಂಚು ಟಿಕೇಟಿಗಿಂತ ಕಡಿಮೆ.

ಒಂದು ಮಧ್ಯಾಹ್ನ ನನ್ನ ಬೆಂಚಿನಲ್ಲಿ ಮೂವರು ಸಿಕ್ಕಿದರು. ತುಳು ಮಾತಾಡುವ ಒಬ್ಬರು ಅಜ್ಜಿ ಪ್ಲೇಟು ನೋಡಿ, "ಎಂತ ಚೈನಾ? ಇದು ನಮ್ಮ ಸೇಮೆ. ಕಾಯಿಹಾಲು ಎಲ್ಲಿ?" ಎಂದರು. ನೆಲ್ಯಾಡಿಯ ಕಡೆ ರಬ್ಬರ್ ತೋಟ ಮಾಡಿದ್ದ ಕೇರಳದ ಚೇಟ್ಟ ಒಬ್ಬರು, "ಇದು ಇಡಿಯಪ್ಪಂ ಅಲ್ಲೇ? ಮೊಟ್ಟೆಕ್ಕರಿ ಇಲ್ಲದೆ ಹೇಗೆ ತಿನ್ನುದು?" ಎಂದರು. ಕೊಯಿಲದ ದನದ ಫಾರ್ಮಿನಲ್ಲಿ ಕೆಲಸಕ್ಕಿದ್ದ ಬಯಲುಸೀಮೆಯವರೊಬ್ಬರು, "ಶಾವಿಗೆಗೆ ಬೆಲ್ಲ ಹಾಕಿದ್ದು ಸರಿ, ಉಪ್ಪು ಯಾಕ್ ಹಾಕಿದ್ರಿ?" ಎಂದು ನೊಂದುಕೊಂಡರು.

ಮೂರು ಭಾಷೆಯಲ್ಲಿ ಜಗಳ ಹತ್ತಿಕೊಂಡಿತು. ಯಾರ ಅಜ್ಜಿ ಮೊದಲು ಮಾಡಿದ್ದು, ಯಾರ ಮನೆಯದು ತೆಳು, ಯಾರದ್ದು ಅಂಟುವುದಿಲ್ಲ. ಚೈನಾದಣ್ಣ ಸೌಟು ಹಿಡಿದು ನಿಂತು ಎಲ್ಲರಿಗೂ ಹೌದು ಹೌದು ಎಂದರು. ಜಗಳ ಮುಗಿಯುವಾಗ ಮೂರೂ ಪ್ಲೇಟು ಖಾಲಿ. ಮೂವರೂ ಇನ್ನೊಂದೊಂದು ಹೇಳಿದರು.

ನಾನು ಕೇಳಿದೆ, "ಅಣ್ಣ, ನೀವಾದ್ರೂ ಇದು ಚೀನಾದ್ದು ಅಂತ ಹೇಳ್ಬಾರ್ದಾ?"

"ಚೀನಾದ್ದು ಅಂದ್ರೆ ಒಂದು ಪ್ಲೇಟು ಅಕ್ಕ. ನಮ್ಮದು ಅಂದ್ರೆ ಎರಡು."

ಸಾರು ಬಂತು

ಜಗಳ ನನಗೂ ಚೈನಾದಣ್ಣನಿಗೂ ಬಂದದ್ದು ಸೂಪಿನ ವಿಷಯದಲ್ಲಿ.

ನಮ್ಮವರಿಗೆ ಬಟ್ಟಲಲ್ಲಿ ತೆಳ್ಳಗೆ, ಬಿಸಿಯಾಗಿ, ಹೊಗೆಯಾಡುತ್ತ ಏನು ಬಂದರೂ ಅದು ಸಾರು. ಸಾರು ಬಂದರೆ ಕಣ್ಣು ಅನ್ನವನ್ನು ಹುಡುಕುತ್ತದೆ. ಬೆಂಚಿನ ಆ ತುದಿಯಿಂದ ಈ ತುದಿಯವರೆಗೆ ಒಂದೇ ಕೂಗು: "ಸಾರು ಬಂತು, ಅನ್ನ ಎಲ್ಲಿ ಮಾರಾಯ್ರೆ?" ಚೈನಾದಣ್ಣ ಬಾಳೆಲೆ ಹಾಕಿ ಕುಚ್ಚಲಕ್ಕಿ ಅನ್ನ ಬಡಿಸುತ್ತಿದ್ದರು. ಜನ ಅನ್ನದಲ್ಲಿ ಗುಂಡಿ ಮಾಡಿ ಸೂಪು ಹೊಯ್ದು ಕಲಸುತ್ತಿದ್ದರು. ಒಬ್ಬರಂತೂ ಉಪ್ಪಿನಕಾಯಿ ಕೇಳಿದರು.

ನನಗೆ ಅಂದು ಬಸ್ಸಿನಲ್ಲಿ ನಿಂತು ಬಂದ ಸಿಟ್ಟೂ ಇತ್ತು. ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟೆ: "ನಾನು ಪೆನಾಂಗಿನಲ್ಲಿ ನಾಲ್ಕು ವರ್ಷ ಇದ್ದವಳು. ಸೂಪಿಗೆ ಅನ್ನ ಕಲಸಿದವರನ್ನು ನೋಡ್ಲೇ ಇಲ್ಲ. ಇದೆಂಥ ಚೈನಾ ಹೋಟೆಲು?"

ಚೈನಾದಣ್ಣನ ಮುಖ ಬಾಡಿತು. ಆದರೂ ಮೆಲ್ಲಗೆ ಹೇಳಿದರು, "ಅಕ್ಕ, ಕೂತವರು ಅನ್ನ ಕೇಳಿದ್ರೆ ಇಲ್ಲ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ. ಚೀನಾದವರೇ ಇಲ್ಲಿ ಬಂದು ಕೂತರೂ ಅನ್ನವೇ ಕೇಳಿಯಾರು."

"ಕೇಳ್ಲಿ ನೋಡುವ! ಚೀನಾದವರೊಬ್ಬರು ಈ ಬೆಂಚಿನಲ್ಲಿ ಕೂತು ಸೂಪಿಗೆ ಅನ್ನ ಕೇಳಿದ ದಿನ, ನಿಮ್ಮ ಬಾಣಲೆ ನಾನು ತೊಳೆದು ಕೊಡ್ತೇನೆ. ಇಷ್ಟು ಜನರ ಎದುರಿನಲ್ಲಿ."

"ಎಲ್ಲರೂ ಕೇಳಿದ್ರಲ್ಲ?" ಎಂದು ಉಪ್ಪಿನಕಾಯಿಯವರು ಸಾಕ್ಷಿಗೆ ನಿಂತರು.

ಬಾಣಲೆಯ ಮಾತು ಅಲ್ಲಿಗೇ ನಿಂತಿತು. ಇನ್ನೊಂದು ಮಾತು ಬಸ್ಸು ಹತ್ತಿತು. ಚೈನಾದಣ್ಣನದು ನಿಜವಾದ ಚೈನೀಸ್ ಅಲ್ಲ ಎಂದು ಟೀಚರು ಹೇಳಿದರಂತೆ, ಇದು ಪುತ್ತೂರಿನಲ್ಲಿ. ಅವರು ಪೆನಾಂಗಿಗೆ ಹೋಗಲೇ ಇಲ್ಲವಂತೆ, ಇದು ಕಾಣಿಯೂರಿನಲ್ಲಿ. ಹಡಗು ಹತ್ತಲೇ ಇಲ್ಲವಂತೆ, ಇದು ಕಡಬದಲ್ಲಿ. ಮುಂದಿನ ವಾರ ಕೊಯಿಲದ ಒಂದು ಮನೆಯಲ್ಲಿ ರವಕೆಯ ತೋಳು ಕತ್ತರಿಸಲು ಕಲಿಸುತ್ತಿದ್ದಾಗ, ಆ ಮನೆಯ ಯಜಮಾನಿ ನನಗೇ ಗುಟ್ಟಿನಲ್ಲಿ ಹೇಳಿದರು: "ಟೀಚರೇ, ಗೊತ್ತುಂಟಾ? ಆ ಚೈನಾದಣ್ಣ ಸಮುದ್ರವನ್ನೇ ನೋಡ್ಲಿಲ್ಲವಂತೆ!"

ನಗು ಬಂತು. ಪುತ್ತೂರಿಗೆ ಬಂದು ನೋಡಿದರೆ ನಗು ಹಾರಿಹೋಯಿತು. ಇಂಟರ್‌ವಲ್ಲಿನ ಗಂಟೆ ಹೊಡೆದರೂ ಬೆಂಚುಗಳು ಖಾಲಿ. ಜಾಗ ಟಾಕೀಸಿನ ಧಣಿಗಳದು. ಅವರು ಚೈನಾದಣ್ಣನಿಗೆ ಹೇಳಿ ಆಗಿತ್ತು: "ತಿಂಗಳ ಕೊನೆಗೆ ಬಾಗಿಲು ಹಾಕು. ನಾನೊಂದು ಸೋಡಾ ಅಂಗಡಿ ಇಡ್ತೇನೆ. ಸೋಡಾಕ್ಕೆ ಪೆನಾಂಗಿಗೆ ಹೋಗಿ ಬರಬೇಕು ಅಂತ ಇಲ್ಲ."

ಚೈನಾದಣ್ಣ ನನಗೆ ಒಂದು ಮಾತೂ ಬೈಯಲಿಲ್ಲ. ಬಾಣಲೆಯನ್ನು ಗೋಣಿಯಲ್ಲಿ ಕಟ್ಟಿಡುವುದೋ ಬೇಡವೋ ಎಂದು ನೋಡುತ್ತಿದ್ದರು. ಬೈದಿದ್ದರೆ ಒಳ್ಳೆಯದಿತ್ತು.

ಊಟ ಆಯ್ತಾ?

ತಿಂಗಳು ಮುಗಿಯಲು ಮೂರು ದಿನ ಇತ್ತು. ಸುಳ್ಯದಿಂದ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಒಬ್ಬರು ಕೂತಿದ್ದರು. ತೊಡೆಯ ಮೇಲೆ ಕಪ್ಪು ಚರ್ಮದ ಪೆಟ್ಟಿಗೆ. ಮುಖ ನೋಡಿದೆ. ಹನ್ನೊಂದು ವರ್ಷ ನೋಡಿದ ಮುಖಗಳ ಪೈಕಿ. ಚೀನಾದವರೇ, ಅನುಮಾನ ಇಲ್ಲ. ದೇವರು ಪ್ರತ್ಯಕ್ಷ ಆದ ಹಾಗೆಯೇ, ಗಂಟೆ ಮಾತ್ರ ಕಂಡಕ್ಟರನದು.

ಪೆನಾಂಗಿನ ಚೀನೀಯರ ಮಾತು ನನಗೆ ಒಂದೇ ವಾಕ್ಯ ಬರುತ್ತಿತ್ತು. ಅಲ್ಲಿಯವರು ಎದುರು ಸಿಕ್ಕಿದರೆ ನಮ್ಮ ಹಾಗೆಯೇ ಮೊದಲು "ಊಟ ಆಯ್ತಾ?" ಎಂದು ಕೇಳುತ್ತಾರೆ. ಅದನ್ನು ಮನಸ್ಸಿನಲ್ಲಿ ನಾಲ್ಕು ಸಲ ಹೊಲಿದು ಬಿಚ್ಚಿ, ಹೇಳಿದೆ:

"ಚ್ಯಾ ಪಾ ಬ್ವೇ?"

ಅವರು ನೋಡಿ ನಕ್ಕರು. ಉಚ್ಚಾರ ತಪ್ಪಿತೇನೋ ಎಂದು ರಾಗ ಬದಲಿಸಿ ಇನ್ನೊಮ್ಮೆ ಹೇಳಿದೆ. ಮೂರನೇ ಸಲ ಕೈಯನ್ನು ಬಾಯಿಯ ಹತ್ತಿರ ಹಿಡಿದು, ಸ್ವಲ್ಪ ಗಟ್ಟಿಯಾಗಿ ಕೇಳಿದೆ. ಬಸ್ಸೆಲ್ಲ ತಿರುಗಿ ನೋಡಿತು.

ಅವರು ಸಂಕೋಚದಿಂದ ಕೈ ಮುಗಿದರು. "ಕ್ಷಮಿಸಿ ಮೇಡಂ, ನಂಗೆ ತುಳು ಬರಲ್ಲ. ಕನ್ನಡದಲ್ಲಿ ಹೇಳ್ತೀರಾ?"

ಹಾಸನದವರು

ಅಜ್ಜನ ಕಾಲಕ್ಕೇ ಚೀನಾದಿಂದ ಬಂದ ಹಲ್ಲಿನ ವೈದ್ಯರ ಮನೆಯವರು, ಅವರೂ ಹಲ್ಲಿನ ಡಾಕ್ಟರು. ಹುಟ್ಟಿದ್ದು, ಓದಿದ್ದು, ಹಲ್ಲು ಕಿತ್ತದ್ದು ಎಲ್ಲ ಹಾಸನದಲ್ಲಿ. ಸುಳ್ಯದಲ್ಲಿ ಯಾರದ್ದೋ ಹಲ್ಲಿನ ಸೆಟ್ಟು ಕೂರಿಸಲು ಬಂದಿದ್ದರು. ಊಟ ಆಗಿರಲಿಲ್ಲ.

"ಪುತ್ತೂರಿನಲ್ಲಿ ಒಂದು ಹೋಟೆಲು ಉಂಟು, ಬನ್ನಿ," ಎಂದೆ. ಅಷ್ಟೇ. ಸೂಪಿನ ಸುದ್ದಿ, ಸೋಡಾ ಅಂಗಡಿಯ ಸುದ್ದಿ ಒಂದಕ್ಷರ ಎತ್ತಲಿಲ್ಲ. ಹೇಳಿಕೊಟ್ಟು ಗೆಲ್ಲಿಸಿದರೆ ಅದು ಚೈನಾದಣ್ಣನ ಗೆಲುವು ಹೇಗಾದೀತು?

ನಾವಿಬ್ಬರು ಓಣಿಗೆ ಕಾಲಿಟ್ಟದ್ದೇ ತಡ, ಕೊಡೆಯವರು ಕೊಡೆ ಬಿಟ್ಟು ಎದ್ದರು. ಹೋಟೆಲು ತಲುಪುವಾಗ ನಮ್ಮ ಹಿಂದೆ ಹತ್ತಿಪ್ಪತ್ತು ಜನ. ಪೇಂಟರ್ ಬ್ರಷ್ ಹಿಡಿದುಕೊಂಡೇ ಬಂದರು. ಉಪ್ಪಿನಕಾಯಿಯವರು ಎಲ್ಲಿದ್ದರೋ, ಕಿಟಕಿಯಲ್ಲಿ ಹಾಜರು. ಟಾಕೀಸಿನ ಧಣಿಗಳು ಸೋಡಾದ ಕಪಾಟು ಎಲ್ಲಿಡುವುದು ಎಂದು ಮೊಳ ಹಾಕುತ್ತಿದ್ದವರು ಅಳತೆ ಮರೆತರು.

ಚೈನಾದಣ್ಣ ಮಾತ್ರ ಅತಿಥಿಯ ಮುಖ ನೋಡಿ ಬಿಳುಚಿದರು. ಬಟ್ಟಲಿಗೆ ಹೊಯ್ದ ಸೂಪಿನಲ್ಲಿ ಅರ್ಧ ಒಲೆಗೆ ಹೋಯಿತು.

ಡಾಕ್ಟರು ಒಂದು ಚಮಚ ಕುಡಿದರು. ಕಿಟಕಿಯವರು ಉಗುಳು ನುಂಗಿದರು. ಇನ್ನೊಂದು ಚಮಚ. ಆಮೇಲೆ ಚಮಚ ಕೆಳಗಿಟ್ಟು, ಬೆಂಚಿನ ಆಚೀಚೆ ಏನನ್ನೋ ಹುಡುಕಿದರು.

"ಸಾರ್, ಸಾರು ಬೊಂಬಾಟಾಗಿದೆ. ಒಂಚೂರು ಅನ್ನ ಹಾಕ್ಸಿ. ಬರೀ ಸಾರು ಹೆಂಗ್ ಕುಡಿಯೋದು?"

ಗೋಡೆಯ ಆಚೆ ಯಾರೋ ಯಾರಿಗೋ ಹೊಡೆದರು. ಈಚೆ ನನಗೆ ತಾಗಿತು.

ಕಿಟಕಿ ಬಾಗಿಲುಗಳಿಂದ ಎದ್ದ ಕೇಕೆಗೆ ಡಾಕ್ಟರು ಬೆಚ್ಚಿಬಿದ್ದು, "ಅನ್ನ ಖಾಲಿಯಾ ಸಾರ್?" ಎಂದರು. ಚೈನಾದಣ್ಣ ಬಾಳೆಲೆ ಹಾಕಿ ಬಡಿಸಿದ ಅನ್ನ ಮೂವರಿಗೆ ಸಾಕಿತ್ತು.

ಧಣಿಗಳು ಕಪ್ಪು ಪೆಟ್ಟಿಗೆಯನ್ನು ನೋಡುತ್ತ ಮುಂದೆ ಬಂದರು. "ಹೇಗುಂಟು ಡಾಕ್ಟ್ರೆ? ನಿಮ್ಮ ಊರಿನ ಹಾಗೆಯೇ ಉಂಟಾ?"

"ನಮ್ಮೂರಲ್ಲಾ? ನಮ್ಮೂರಲ್ಲಿ ದುಡ್ಡು ಕೊಟ್ರೂ ಇಂಥದ್ದು ಸಿಗಲ್ಲ ಬಿಡಿ."

ಊರೆಂದರೆ ಹಾಸನ ಎಂದು ತಿಳಿದಿದ್ದವಳು ಅಲ್ಲಿ ನಾನೊಬ್ಬಳೇ. ಬಾಯಿ ತೆರೆಯಲು ಹೋದೆ. ಈ ಬಾಯಿಯಿಂದ ಆದದ್ದು ಸಾಕು ಎಂದು ಮುಚ್ಚಿದೆ. ಚೀನಾದವರು ಕನ್ನಡ ಮಾತಾಡಿದ್ದು ಹೇಗೆ ಎಂದು ಡಾಕ್ಟರು ಹೋದ ಮೇಲೂ ಹೆಚ್ಚಿನವರಿಗೆ ಹೊಳೆಯಲಿಲ್ಲ. ಹೊಳೆದ ಪೇಂಟರರಿಗೆ ಕೊಡೆಯವರು ಸಮಾಧಾನ ಹೇಳಿದರು: "ಪುತ್ತೂರಿಗೆ ಬರುದಲ್ವಾ, ಕಲಿತುಕೊಂಡು ಬಂದಿರ್ತಾರೆ."

ಸೋಡಾ ಅಂಗಡಿಯ ಮಾತು ಮತ್ತೆ ಬರಲಿಲ್ಲ. ಈ ಸುದ್ದಿಯೂ ಬಸ್ಸು ಹತ್ತಿತು. ಕೊಯಿಲದ ಯಜಮಾನಿ ನನಗೆ ಹೇಳುವ ಹೊತ್ತಿಗೆ, ಚೀನಾದಿಂದ ಏಳು ಜನ ಡಾಕ್ಟರುಗಳು ಸಾರಿಗೆಂದೇ ಬಂದು ಹೋಗಿದ್ದರು.

ಬಾಣಲೆ

ಮರುದಿನ ಮ್ಯಾಟಿನಿಯ ಇಂಟರ್‌ವಲ್ ಮುಗಿದ ಕೂಡಲೇ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲ ಬಾವಿಕಟ್ಟೆಗೆ ಹೋದೆ. ಬಾಣಲೆ ನನ್ನ ಎರಡು ತೋಳಿನಷ್ಟು ಅಗಲ. ನೋಡಲು ಬಂದವರು ಬೆಂಚು ತಂದು ಹಾಕಿಕೊಂಡಿದ್ದರು. ಸಿನೆಮಾದ ಉಳಿದರ್ಧ ಬಿಟ್ಟು ಬಂದವರೂ ಇದ್ದರು ಎಂಬುದು ನನ್ನ ಹೆಮ್ಮೆ.

ನಾನು ಬೂದಿಗೆ ಕೈ ಹಾಕಿದೆ.

"ಅಯ್ಯೋ, ಬೂದಿ ಬೇಡ ಅಕ್ಕ!" ಚೈನಾದಣ್ಣ ಓಡಿ ಬಂದರು. "ಬೂದಿ ಹಾಕಿದ್ರೆ ಬಾಣಲೆಯ ಮೈ ಹೋಗ್ತದೆ. ಬಿಸಿನೀರು ಮಾತ್ರ. ತೆಂಗಿನ ನಾರನ್ನು ಹೀಗೆ ಮಡಚಿ. ನಡುವಿನಿಂದ ಅಂಚಿಗೆ ಸುತ್ತಿಸುದು, ಅಂಚಿನಿಂದ ನಡುವಿಗೆ ಅಲ್ಲ. ಮೊಣಕೈ ಎತ್ತಬೇಡಿ, ಸಂಜೆಗೆ ಭುಜ ಹಿಡಿದುಕೊಳ್ತದೆ."

ಅವರ ಕೈ ಗಾಳಿಯಲ್ಲಿ ಸುತ್ತಿತು. ಎಷ್ಟು ಸಲೀಸಾಗಿ ಎಂದರೆ, ನನ್ನ ಕಾಲು ಹೊಲಿಗೆ ಮೆಷಿನಿನ ಪೆಡಲ್ ಕಂಡರೆ ತಾನೇ ಆಡುವ ಹಾಗೆ. ನಾನು ತೊಳೆಯುವುದು ನಿಲ್ಲಿಸಿ ಅವರ ಮುಖ ನೋಡಿದೆ.

"ಅಣ್ಣ, ಪೆನಾಂಗಿನಲ್ಲಿ ನಿಮಗೆ ಎಂತ ಕೆಲಸ ಇದ್ದದ್ದು?"

ಅವರು ಬೆಂಚಿನವರತ್ತ ಒಮ್ಮೆ ನೋಡಿ, ಬಾವಿಯ ಹಗ್ಗ ಸರಿಮಾಡುವ ನೆಪದಲ್ಲಿ ನನ್ನ ಹತ್ತಿರಕ್ಕೆ ಬಗ್ಗಿದರು.

"ಇದೇ," ಎಂದರು. "ಏಳು ವರ್ಷ. ಅಡುಗೆಯವರು ಒಲೆಯ ಹತ್ತಿರ ಬಿಡ್ತಿರ್ಲಿಲ್ಲ. ತೊಳೆಯುವ ಜಾಗದಿಂದ ಇಣುಕಿ ಕಲಿತದ್ದು. ಅರ್ಧ ಕಾಣ್ತಿತ್ತು. ಕಾಣದ ಅರ್ಧ ನಮ್ಮ ಮನೆಯದ್ದು ಹಾಕಿದೆ."

ನಾನು ಎಷ್ಟೋ ರೇವು ನೋಡಿದವಳು, ಎಷ್ಟೋ ದೊಡ್ಡ ಹೋಟೆಲುಗಳ ಟೋಪಿಯ ಅಡುಗೆಯವರನ್ನು ಕಂಡವಳು. ಎದ್ದು ಒಂದು ನಮಸ್ಕಾರ ಮಾಡಬೇಕೆನಿಸಿತು. ಕೈಯಲ್ಲಿ ನಾರು ಇತ್ತು. ಹಾಗಾಗಿ ಇನ್ನಷ್ಟು ಗಟ್ಟಿಯಾಗಿ ಉಜ್ಜಿದೆ, ನಡುವಿನಿಂದ ಅಂಚಿಗೆ, ಮೊಣಕೈ ಎತ್ತದೆ.

ಮುಗಿದ ಮೇಲೆ ಚೈನಾದಣ್ಣ ಬಾಣಲೆಯನ್ನು ಎತ್ತಿ ಬಿಸಿಲಿಗೆ ಹಿಡಿದರು. ತಿರುಗಿಸಿ ನೋಡಿದರು, ಬೆರಳಲ್ಲಿ ಎಳೆದು ನೋಡಿದರು. ಬೆಂಚಿನವರು ಉಸಿರು ಹಿಡಿದು ಕಾದರು. ಎಲ್ಲರಿಗೂ ಕೇಳುವ ಹಾಗೆ ತೀರ್ಪು ಬಂತು:

"ಅಡ್ಡಿಲ್ಲ. ಇನ್ನು ಆರು ವರ್ಷ ಹನ್ನೊಂದು ತಿಂಗಳು ಇಪ್ಪತ್ತೊಂಬತ್ತು ದಿನ ಹೀಗೇ ತೊಳೆದ್ರೆ, ಟೀಚರಿಗೂ ಚೈನೀಸ್ ಅಡುಗೆ ಬಂದೀತು."